ಸ್ಟಾಪ್‌ವಾಚ್ ಹಿಡಿದವನೂ ಓಟದ ಒಳಗೇ ಇದ್ದಾನೆ

2019ರ ಆಗಸ್ಟ್ ತಿಂಗಳು. ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ರಾಮೇಶ್ವರ ಗುರ್ಜರ್ ಎಂಬ ಯುವಕ ರಸ್ತೆಯ ಮೇಲೆ ಬರಿಗಾಲಲ್ಲಿ ಓಡುವ ಒಂದು ವಿಡಿಯೋ ದೇಶದ ಮೊಬೈಲುಗಳನ್ನೆಲ್ಲ ಸುತ್ತಿತು. 100 ಮೀಟರನ್ನು 11 ಸೆಕೆಂಡಿನಲ್ಲಿ ಓಡುತ್ತಾರೆ ಎಂಬುದು ಅದರ ಜೊತೆಗೆ ಬಂದ ಒಕ್ಕಣೆ. ಮಾಜಿ ಮುಖ್ಯಮಂತ್ರಿ ಶಿವರಾಜ್ ಸಿಂಗ್ ಚೌಹಾಣ್ ಅದನ್ನು ಹಂಚಿಕೊಂಡರು. ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು, ಹುಡುಗನನ್ನು ಕಳಿಸಿಕೊಡಿ, ತರಬೇತಿ ಕೊಡಿಸೋಣ ಎಂದರು. ಕೆಲವೇ ದಿನಗಳಲ್ಲಿ ಭೋಪಾಲದ ಟಿ.ಟಿ. ನಗರ ಕ್ರೀಡಾಂಗಣದಲ್ಲಿ ಪರೀಕ್ಷಾ ಓಟ ಏರ್ಪಾಡಾಯಿತು. ಅಕ್ಕಪಕ್ಕದ ಲೇನುಗಳಲ್ಲಿ ತರಬೇತಿ ಪಡೆದ ಓಟಗಾರರು, ಅಂಚಿನಲ್ಲಿ ಕೋಚುಗಳು, ಅಧಿಕಾರಿಗಳು, ಕ್ಯಾಮೆರಾಗಳು. ಗುರ್ಜರ್ ಕೊನೆಯವರಾಗಿ ಗುರಿ ಮುಟ್ಟಿದರು. ತೆಗೆದುಕೊಂಡ ಸಮಯ ಸುಮಾರು 13 ಸೆಕೆಂಡ್. ಪ್ರಚಾರದ ಝಳಕ್ಕೆ ಬಸವಳಿದು ಸರಿಯಾಗಿ ಓಡಲಾಗಲಿಲ್ಲ ಎಂಬರ್ಥದ ಮಾತನ್ನು ಸಚಿವರು ಬರೆದರು. ಜಾಲತಾಣಗಳಲ್ಲಿ ಒಂದಷ್ಟು ಜನ ನಕ್ಕರು, ಮರುದಿನ ಸುದ್ದಿ ಬೇರೆಡೆಗೆ ಹೋಯಿತು.

ಸಚಿವರು ಹೇಳಿದ್ದು ನೆಪವೋ ನಿಜವೋ? ಎರಡೂ ಇರಬಹುದು. ಊರ ರಸ್ತೆಯಲ್ಲಿ ಓಡಿದ ಆ 100 ಮೀಟರ್ ಅಧಿಕೃತ ಅಳತೆಯದಲ್ಲ, ಕೈಗಡಿಯಾರದ 11 ಸೆಕೆಂಡಿಗೂ ಕ್ರೀಡಾಂಗಣದ 11 ಸೆಕೆಂಡಿಗೂ ತುಂಬ ವ್ಯತ್ಯಾಸವಿದೆ. ಆದರೆ 'ನೋಡುಗರಿದ್ದರೆ ದೇಹ ಬೇರೆ ಥರ ಕೆಲಸ ಮಾಡುತ್ತದೆ' ಎಂಬ ಮಾತಿಗೆ ಒಂದೂಕಾಲು ಶತಮಾನದ ವಿಜ್ಞಾನದ ಇತಿಹಾಸವಿದೆ. ಓಟ, ಎತ್ತು, ನೆಗೆತಗಳ ಮೇಲೆ ನೌಕರಿ ನಿಂತಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಸಂಬಂಧಪಟ್ಟ ಇತಿಹಾಸ ಅದು. ಕ್ಯಾಮೆರಾ ಹಿಡಿದು ನಿಲ್ಲುವ ನಮಗೂ.

ಈ ಕತೆ ಸೈಕಲ್ಲಿನಿಂದ ಶುರುವಾಗುತ್ತದೆ. 1890ರ ದಶಕದ ಅಮೆರಿಕದಲ್ಲಿ ಸೈಕಲ್ ರೇಸಿನ ಹುಚ್ಚು ಎಷ್ಟಿತ್ತೆಂದರೆ ಅದರ ಅಂಕಿಸಂಖ್ಯೆಗಳನ್ನು ಇಡುವುದಕ್ಕೇ ಸಂಘಟನೆಗಳಿದ್ದವು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ನಾರ್ಮನ್ ಟ್ರಿಪ್ಲೆಟ್, 'ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್' ಸಂಘದ 1897ರ ದಾಖಲೆಗಳನ್ನು ಹರಡಿಕೊಂಡು ಕುಳಿತರು. ಗಡಿಯಾರವನ್ನು ಮಾತ್ರ ಎದುರಾಳಿಯಾಗಿಟ್ಟುಕೊಂಡು ಒಬ್ಬರೇ ತುಳಿದವರು ಒಂದು ಮೈಲಿಗೆ ಸರಾಸರಿ 2 ನಿಮಿಷ 29.9 ಸೆಕೆಂಡ್ ತೆಗೆದುಕೊಂಡಿದ್ದರು. ಮುಂದೆ ಇನ್ನೊಂದು ಸೈಕಲ್ ಓಡಿಸಿ ವೇಗ ಕೊಟ್ಟಾಗ ಅದು 1 ನಿಮಿಷ 55.5 ಸೆಕೆಂಡಿಗೆ ಇಳಿದಿತ್ತು. ವೇಗ ಕೊಡುವ ಸೈಕಲ್ಲಿನ ಜೊತೆ ನಿಜವಾದ ಪೈಪೋಟಿಯೂ ಇದ್ದಾಗ 1 ನಿಮಿಷ 50 ಸೆಕೆಂಡಿನ ಆಸುಪಾಸು. ಮೈಲಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚಿನ ಅಂತರವೆಂದರೆ ತಮಾಷೆಯಲ್ಲ.

ಮುಂದಿನ ಸೈಕಲ್ ಗಾಳಿ ಸೀಳುವುದರಿಂದ ಹಿಂದಿನವನಿಗೆ ಸುಲಭವಾಗುತ್ತದೆ ಎಂಬ ಕಾರಣ ಟ್ರಿಪ್ಲೆಟ್‌ಗೂ ಗೊತ್ತಿತ್ತು. ಅದು ಅವರ ಪಟ್ಟಿಯಲ್ಲೇ ಇದೆ. ಮುಂದಿನವನ ಚಕ್ರವನ್ನೇ ನೋಡುತ್ತಾ ಸವಾರ ಒಂದು ಥರದ ಮಂಕಿಗೆ ಒಳಗಾಗುತ್ತಾನೆ ಎಂಬ ವಿಚಿತ್ರ ವಾದವೂ ಅಲ್ಲಿದೆ. ಅವರಿಗೆ ಬೇಕಾಗಿದ್ದದ್ದು ಇವೆಲ್ಲ ಕಳೆದು ಉಳಿಯುವುದೇನು ಎಂಬುದು: ಇನ್ನೊಂದು ದೇಹ ಪಕ್ಕದಲ್ಲಿದೆ ಎಂಬುದೇ ನಮ್ಮೊಳಗೆ ಕೂಡಿಟ್ಟ ಯಾವುದೋ ಬಲವನ್ನು ಬಿಚ್ಚುತ್ತದೆಯೇ? ಅದಕ್ಕೆಂದು ಗಾಳಿಯ ಮಾತೇ ಬಾರದ ಒಂದು ಪ್ರಯೋಗ ಮಾಡಿದರು. ಮೇಜಿಗೆ ಎರಡು ಮೀನುಗಾಳದ ರಾಟೆ ಬಿಗಿದು, ರೇಷ್ಮೆ ದಾರಕ್ಕೆ ಪುಟ್ಟ ಬಾವುಟ ಹೊಲಿದು, ಆ ಬಾವುಟ ನಾಲ್ಕು ಸುತ್ತು ಬರುವವರೆಗೆ ರಾಟೆ ತಿರುಗಿಸಲು ಮಕ್ಕಳಿಗೆ ಹೇಳಿದರು. ಒಮ್ಮೆ ಒಬ್ಬರೇ, ಒಮ್ಮೆ ಪಕ್ಕದಲ್ಲಿ ಇನ್ನೊಬ್ಬರು. ಅವರು ವಿವರವಾಗಿ ವರದಿ ಮಾಡಿದ 40 ಮಕ್ಕಳಲ್ಲಿ 20 ಮಕ್ಕಳು ಜೊತೆಯಿದ್ದಾಗ ಬೇಗ ತಿರುಗಿಸಿದರು. 10 ಮಕ್ಕಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಳಿದ 10 ಮಕ್ಕಳು ಒಬ್ಬರೇ ಇದ್ದಾಗಿಗಿಂತ ಕೆಟ್ಟದಾಗಿ ಮಾಡಿದರು, ಅತಿ ಆತುರದಲ್ಲಿ ಕೈ ಬಿಗಿಯಾಗಿ ತಪ್ಪಿದರು. 1898ರಲ್ಲಿ ಈ ಪ್ರಬಂಧ ಪ್ರಕಟವಾಯಿತು. ಕ್ರೀಡಾ ಮನಶ್ಶಾಸ್ತ್ರದ ಪಠ್ಯಪುಸ್ತಕಗಳ ಮೊದಲ ಅಧ್ಯಾಯದಲ್ಲಿ ಇಂದಿಗೂ ಇದಿದೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೊದಲ 20 ಮಕ್ಕಳ ಕತೆ ಮಾತ್ರ ಹೇಳುತ್ತವೆ. ನನಗೆ ಮುಖ್ಯವಾಗಿ ಕಾಣುವುದು ಕೊನೆಯ 10 ಮಕ್ಕಳು. 2005ರಲ್ಲಿ ಮೈಕೆಲ್ ಸ್ಟ್ರೂಬ್ ಎಂಬ ಸಂಶೋಧಕರು ಅದೇ ಹಳೆಯ ಅಂಕಿಗಳನ್ನು ಇಂದಿನ ಲೆಕ್ಕಾಚಾರಕ್ಕೆ ಒಡ್ಡಿದಾಗ, ಜೊತೆಗಾರರಿಂದ ವೇಗ ಹೆಚ್ಚಿತೆನ್ನಲು ಗಟ್ಟಿ ಪುರಾವೆ ಅಲ್ಲಿ ಅಷ್ಟಾಗಿ ಸಿಗಲಿಲ್ಲ. ಸೈಕಲ್ ದಾಖಲೆಗಳಲ್ಲೂ ಒಂಟಿಯಾಗಿ ತುಳಿದವರು, ಪೈಪೋಟಿಗೆ ಇಳಿದವರು ಬೇರೆ ಬೇರೆ ಜನ. ಆದರೂ ಟ್ರಿಪ್ಲೆಟ್ ಎತ್ತಿದ ಪ್ರಶ್ನೆ ಸುಳ್ಳಾಗಲಿಲ್ಲ.

ಇಲ್ಲಿ ನಮ್ಮ ಕಂಬಳ ನೆನಪಾಗುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಮಾಧ್ಯಮಗಳು ಅದನ್ನು 100 ಮೀಟರಿಗೆ 9.55 ಎಂದು ಭಾಗಿಸಿ ಉಸೇನ್ ಬೋಲ್ಟ್ ಪಕ್ಕದಲ್ಲಿ ಕೂರಿಸಿದವು. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದಿಂದ ಪರೀಕ್ಷೆಗೆ ಕರೆ ಬಂತು. ಗೌಡರು ಹೋಗಲಿಲ್ಲ. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ, ಈ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರ ಮಾತಿನ ಸಾರ. ಟ್ರಿಪ್ಲೆಟ್ ಇಪ್ಪತ್ತೇಳು ಪುಟಗಳಲ್ಲಿ ಬಿಡಿಸಲು ಹೆಣಗಿದ ಗಂಟನ್ನು ಅವರು ಎರಡು ಮಾತಿನಲ್ಲಿ ಬಿಡಿಸಿದ್ದರು.

ಟ್ರಿಪ್ಲೆಟ್ ನೋಡಿದ್ದು ಜೊತೆಗೆ ಓಡುವವರನ್ನು. ಸುಮ್ಮನೆ ನಿಂತು ನೋಡುವವನ ವಿಷಯ ಪ್ರಯೋಗಾಲಯಕ್ಕೆ ಬಂದದ್ದು ಆಕಸ್ಮಿಕವಾಗಿ. ಇಟಲಿಯ ಆಂಜೆಲೊ ಮೊಸ್ಸೊ ದಣಿವನ್ನು ಅಳೆಯಲೆಂದು ಎರ್ಗೋಗ್ರಾಫ್ ಎಂಬ ಯಂತ್ರ ಮಾಡಿದ್ದರು. ತೋಳನ್ನು ಕಟ್ಟಿ, ಒಂದೇ ಬೆರಳಿನಿಂದ ತೂಕವನ್ನು ಮತ್ತೆ ಮತ್ತೆ ಎಳೆಸಿ, ಶಕ್ತಿ ಕುಂದುವುದನ್ನು ಕಾಗದದ ಮೇಲೆ ಗೆರೆಯಾಗಿ ಬರೆಸುವ ಯಂತ್ರ. ಜರ್ಮನ್ ಮನಶ್ಶಾಸ್ತ್ರಜ್ಞ ಎರ್ನ್ಸ್ಟ್ ಮೊಯ್ಮಾನ್ ಇದರಲ್ಲಿ ಒಬ್ಬ ವ್ಯಕ್ತಿಯನ್ನು ದಿನವೂ ಕೂರಿಸಿ, ಆತನ ಸಾಧನೆ ಒಂದು ಮಟ್ಟಕ್ಕೆ ಬಂದು ನಿಂತಿದ್ದನ್ನು ಗುರುತಿಸಿದ್ದರು. ಒಂದು ಸಂಜೆ ಮೊಯ್ಮಾನ್ ಅನಿರೀಕ್ಷಿತವಾಗಿ ಕೋಣೆಯೊಳಗೆ ಬಂದರು. ಗೆರೆ ಮೇಲೆದ್ದಿತು! ಆ ವ್ಯಕ್ತಿ ಬೇಕೆಂದು ಹೆಚ್ಚು ಎಳೆದಿರಲಿಲ್ಲ. 1904ರ ಹೊತ್ತಿಗೆ ಮೊಯ್ಮಾನ್ ಇದನ್ನು ಬರೆದರು. ದೇಹದ ಮಿತಿ ಎಂದು ಬರೆದುಕೊಂಡದ್ದು ಖಾಲಿ ಕೋಣೆಯಲ್ಲಿನ ಮಿತಿಯಾಗಿತ್ತು.

ಇದಕ್ಕೆ ಉಲ್ಟಾ ಹೊಡೆಯುವ ಇನ್ನೊಂದು ಪ್ರಯೋಗ ಅದಾಗಲೇ ಫ್ರಾನ್ಸಿನಲ್ಲಿ ನಡೆದುಹೋಗಿತ್ತು. ಮಾಡಿದವರು ಮನಶ್ಶಾಸ್ತ್ರಜ್ಞರಲ್ಲ, ಮ್ಯಾಕ್ಸ್ ರಿಂಗೆಲ್ಮನ್ ಎಂಬ ಕೃಷಿ ಎಂಜಿನಿಯರ್. ಎತ್ತು, ಕುದುರೆ, ಯಂತ್ರ, ಮನುಷ್ಯ, ಇವರಲ್ಲಿ ಹೊಲದ ಕೆಲಸಕ್ಕೆ ಯಾರಿಂದ ಎಷ್ಟು ಎಳೆತ ಸಿಗುತ್ತದೆ ಎಂಬುದು ಅವರ ಚಿಂತೆ. 1880ರ ದಶಕದಲ್ಲಿ ಗ್ರಾನ್-ಜುವಾನ್ ಕೃಷಿ ಶಾಲೆಯ ಹುಡುಗರ ಕೈಗೆ ಹಗ್ಗ ಕೊಟ್ಟು, ಇನ್ನೊಂದು ತುದಿಗೆ ಬಲ ಅಳೆಯುವ ಮಾಪಕ ಕಟ್ಟಿದರು. ಒಬ್ಬೊಬ್ಬರೇ ಎಳೆದಾಗ ಸರಾಸರಿ 85.3 ಕಿಲೋ. ಏಳು ಜನ ಸೇರಿ ಎಳೆದಾಗ ತಲೆಗೆ 65. ಹದಿನಾಲ್ಕು ಜನ ಸೇರಿದಾಗ 61.4. ಗಣೇಶನ ಹಬ್ಬದ ಹಗ್ಗಜಗ್ಗಾಟದಲ್ಲಿ ಹಿಂದಿನಿಂದ ಮೂರನೆಯವನು ಬರೀ ಮುಖ ಬಿಗಿದುಕೊಂಡಿರುತ್ತಾನೆ ಎಂಬ ನಮ್ಮೂರಿನ ಹಳೇ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ರಿಂಗೆಲ್ಮನ್ ಈ ಫಲಿತಾಂಶ ಪ್ರಕಟಿಸಿದ್ದು 1913ರಲ್ಲಿ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ, ಹಾಗಾಗಿ ಬಲ ಪೋಲಾಗುತ್ತದೆ ಎಂಬುದು ಅವರು ಕೊಟ್ಟ ಮುಖ್ಯ ಕಾರಣ. ಅಷ್ಟೇ ಅಲ್ಲ ಎಂದು ತೋರಿಸಿದ್ದು 1974ರಲ್ಲಿ ಆಲನ್ ಇಂಗಮ್ ಮತ್ತು ಸಂಗಡಿಗರು. ಕಣ್ಣಿಗೆ ಬಟ್ಟೆ ಕಟ್ಟಿದವನನ್ನು ಹಗ್ಗದ ಮುಂದೆ ನಿಲ್ಲಿಸಿದರು. ಹಿಂದೆ ನಿಂತವರು ಎಳೆಯುವ ನಾಟಕವಾಡಿದರು. ನಿಜಕ್ಕೂ ಎಳೆಯುತ್ತಿದ್ದವನು ಆತನೊಬ್ಬನೇ, ಆದರೂ ಹಿಂದೆ ಜನರಿದ್ದಾರೆ ಎಂದುಕೊಂಡಾಗ ಆತನ ಎಳೆತ ಇಳಿಯಿತು. 1981ರ ಇನ್ನೊಂದು ಸರಣಿ ಪ್ರಯೋಗದಲ್ಲಿ, ಗುಂಪಿನಲ್ಲಿದ್ದರೂ ನಿಮ್ಮ ಪಾಲನ್ನು ಪ್ರತ್ಯೇಕವಾಗಿ ಗುರುತಿಸಬಲ್ಲೆವು ಎಂದು ಹೇಳಿದ ಕೂಡಲೇ ಈ ಸೋಮಾರಿತನ ಮಾಯವಾಯಿತು. ಅಂದರೆ ಜನ ಸುತ್ತಲಿದ್ದಾರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಲ್ಲ. ಅವರ ಕಣ್ಣು ನನ್ನ ಮೇಲಿದೆಯೋ, ಅವರ ನಡುವೆ ನಾನು ಅಡಗಿದ್ದೇನೋ ಎಂಬುದು.

ಒಂದು ಕಡೆ ನೋಡುಗರಿಂದ ಸಾಧನೆ ಏರುತ್ತದೆ, ಇನ್ನೊಂದು ಕಡೆ ಕುಸಿಯುತ್ತದೆ. ಈ ಗೋಜಲಿನಲ್ಲಿ ಈ ಅಧ್ಯಯನಗಳು ಕೆಲವು ದಶಕ ಮೂಲೆ ಸೇರಿದ್ದವು. 1965ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ರಾಬರ್ಟ್ ಝಾಯನ್ಸ್ ಒಂದು ಸರಳ ಸೂತ್ರ ಕೊಟ್ಟರು. ಇತರರ ಇರುವಿಕೆ ದೇಹವನ್ನು ಕೆರಳಿಸುತ್ತದೆ. ಕೆರಳಿದ ದೇಹ ತನಗೆ ಅತಿ ರೂಢಿಯಾದದ್ದನ್ನೇ ಮುಂದಕ್ಕೆ ತರುತ್ತದೆ. ಕೆಲಸ ಚೆನ್ನಾಗಿ ಕೈಗೂಡಿದ್ದರೆ ರೂಢಿಯ ದಾರಿಯೇ ಸರಿದಾರಿ, ಫಲಿತಾಂಶ ಏರುತ್ತದೆ. ಕೆಲಸ ಹೊಸದಾಗಿದ್ದರೆ ರೂಢಿಯ ದಾರಿ ತಪ್ಪುದಾರಿ, ಫಲಿತಾಂಶ ಇಳಿಯುತ್ತದೆ. 1969ರಲ್ಲಿ ಇದನ್ನು ಜಿರಳೆಗಳ ಮೇಲೂ ಪರೀಕ್ಷಿಸಿದರು! ಬೆಳಕಿಗೆ ಹೆದರಿ ಕತ್ತಲೆಗೆ ಓಡುವ ಜಿರಳೆಗೆ ನೇರ ಓಣಿಯೊಂದು, ತಿರುವಿನ ಓಣಿಯೊಂದು. ಪಕ್ಕದಲ್ಲಿ ಪಾರದರ್ಶಕ ಪೆಟ್ಟಿಗೆಯಲ್ಲಿ ಪ್ರೇಕ್ಷಕ ಜಿರಳೆಗಳು. ಪ್ರೇಕ್ಷಕರಿದ್ದಾಗ ನೇರ ಓಣಿಯಲ್ಲಿ ಓಟ ಚುರುಕಾಯಿತು, ತಿರುವಿನ ಓಣಿಯಲ್ಲಿ ನಿಧಾನವಾಯಿತು.

ಭೋಪಾಲದ ಓಟವನ್ನು ಈ ಕಣ್ಣಿನಿಂದ ನೋಡಬಹುದು. ಓಡುವುದು ಹಳ್ಳಿಯ ಹುಡುಗನಿಗೆ ರೂಢಿ. ಆದರೆ ಸ್ಪರ್ಧೆಯ 100 ಮೀಟರ್ ಎಂದರೆ ಬರೀ ಓಟವಲ್ಲ. ಆರಂಭದ ಸೂಚನೆಗೆ ಕಿವಿಗೊಟ್ಟು ಸಿಡಿಯುವುದು, ಲೇನಿನ ಗೆರೆಯೊಳಗೆ ಇರುವುದು, ಪಕ್ಕದವನನ್ನು ನೋಡದಿರುವುದು, ಎಲ್ಲ ಕಲಿತೇ ಬರಬೇಕು. ರೂಢಿಯಾದವನಿಗೆ ಕ್ಯಾಮೆರಾ ರೆಕ್ಕೆ, ರೂಢಿಯಿಲ್ಲದವನಿಗೆ ಕಾಲಿಗೆ ಕಟ್ಟಿದ ಕಲ್ಲು. ಇದರಿಂದ ಗುರ್ಜರ್ ನಿಜವಾಗಿ 11 ಸೆಕೆಂಡಿನ ಓಟಗಾರ ಎಂದೇನೂ ಸಾಬೀತಾಗುವುದಿಲ್ಲ. ಅಂಥ ಒಂದೇ ಓಟದಿಂದ ಅಲ್ಲ ಎಂದೂ ಸಾಬೀತಾಗುವುದಿಲ್ಲ.

ಝಾಯನ್ಸ್ ಪ್ರಕಾರ ಇನ್ನೊಬ್ಬರು ಸುಮ್ಮನೆ ಇದ್ದರೂ ಸಾಕು. ನಿಕೊಲಸ್ ಕಾಟ್ರೆಲ್ ಒಪ್ಪಲಿಲ್ಲ. 1968ರಲ್ಲಿ ಅವರು ಪ್ರೇಕ್ಷಕರ ಕಣ್ಣಿಗೇ ಬಟ್ಟೆ ಕಟ್ಟಿ ಕೂರಿಸಿದರು. ಪರಿಣಾಮ ಕಾಣಲಿಲ್ಲ. ಅಳೆಯುವ ಕಣ್ಣು ಬೇಕು, ಬರೀ ದೇಹ ಸಾಲದು. 1983ರಲ್ಲಿ ವೊರಿಂಗಮ್ ಮತ್ತು ಮೆಸಿಕ್ ಇದನ್ನು ಬಯಲಿಗೆ ತಂದರು. ಕಾಲುದಾರಿಯಲ್ಲಿ ಜಾಗಿಂಗ್ ಮಾಡುವವರಿಗೆ ತಿಳಿಯದಂತೆ ಸಮಯ ಅಳೆದರು. ದಾರಿಯ ನಡುವೆ ಹುಲ್ಲಿನ ಮೇಲೆ ಒಬ್ಬ ಮಹಿಳೆ ಕುಳಿತಿದ್ದರು. ಓಡುವವರ ಕಡೆ ಮುಖ ಮಾಡಿದ್ದಾಗ ಅವರ ವೇಗ ಏರಿತು. ಬೆನ್ನು ಮಾಡಿದ್ದಾಗ ಹಾಗಾಗಲಿಲ್ಲ.

ಹಾಗೆಂದು ನೋಟಕ್ಕೆ ಮಾಂತ್ರಿಕ ಶಕ್ತಿಯಿದೆ ಎಂದೇನಲ್ಲ. ಅದೇ 1983ರಲ್ಲಿ ಬಾಂಡ್ ಮತ್ತು ಟೈಟಸ್ 241 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಜನರ ಸಾಧನೆಯ ಏರಿಳಿತದಲ್ಲಿ ಇತರರ ಇರುವಿಕೆಯ ಪಾಲು ಶೇ. 0.3ರಿಂದ ಶೇ. 3ರಷ್ಟು ಮಾತ್ರ ಎಂದು ಕಂಡಿತು. ಚಿಕ್ಕದು. ಚಿಕ್ಕದು ಯಾವಾಗ ದೊಡ್ಡದಾಗುತ್ತದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ಹೊತ್ತೂ ನೋಡುಗನೆಂದರೆ ಪ್ರೇಕ್ಷಕ. ಅಳೆಯುವವನ ಮೇಲೆ ಅನುಮಾನ ಬಂದದ್ದು ತಡವಾಗಿ. 1961ರಲ್ಲಿ ಜಪಾನಿನ ಮಿಚಿಯೊ ಇಕಾಯ್ ಮತ್ತು ಅಮೆರಿಕದ ಆರ್ಥರ್ ಸ್ಟೈನ್‌ಹಾಸ್ ತೋಳಿನ ಬಲ ಅಳೆಯುವಾಗ ಹಿಂದಿನಿಂದ ದಿಢೀರನೆ ಪಿಸ್ತೂಲು ಸಿಡಿಸಿದರು. ಸದ್ದಿನ ಬೆನ್ನಿಗೇ ಎಳೆದ ಬಲ ಸರಾಸರಿ ಶೇ. 7ರಷ್ಟು ಹೆಚ್ಚಿತು. ಎಳೆಯುವವರು ತಾವೇ ಕಿರುಚಿದಾಗ ಶೇ. 12. ಗುಂಡುಕಲ್ಲು ಎತ್ತುವವರು ಹೂಂಕರಿಸುವುದು ಬರೀ ಪ್ರದರ್ಶನವಲ್ಲ ಎಂದಾಯಿತು. ಅದಕ್ಕಿಂತ ಮುಖ್ಯವಾಗಿ, 'ಪೂರ್ತಿ ಬಲ ಹಾಕು' ಎಂದಾಗ ನಾವು ಹಾಕುವುದು ಪೂರ್ತಿ ಬಲವಲ್ಲ. ಒಳಗೆ ಯಾವುದೋ ಹಿಡಿತವಿದೆ, ಹೊರಗಿನ ಸದ್ದು ಅದನ್ನು ಸಡಿಲಿಸುತ್ತದೆ. ಹಾಗಾದರೆ ಪರೀಕ್ಷಕ ಸುಮ್ಮನಿದ್ದರೆ ಒಂದು ಅಂಕ, ಕೂಗಿದರೆ ಇನ್ನೊಂದು ಅಂಕ.

ಇದರ ಬೆಲೆ ಎಷ್ಟೆಂದು ಲೆಕ್ಕ ಹಾಕಿದ್ದು ಕ್ರೀಡಾಂಗಣದವರಲ್ಲ, ಆಸ್ಪತ್ರೆಯವರು. ಉಸಿರಾಟದ ಕಾಯಿಲೆ, ಹೃದಯದ ಕಾಯಿಲೆ ಇರುವವರ ದೇಹಶಕ್ತಿ ಅಳೆಯಲು ಆರು ನಿಮಿಷ ನಡೆಸುವ ಪರೀಕ್ಷೆಯೊಂದಿದೆ. ಉದ್ದನೆಯ ಪಡಸಾಲೆಯಲ್ಲಿ ಆರು ನಿಮಿಷಕ್ಕೆ ಎಷ್ಟು ಮೀಟರ್ ನಡೆದಿರಿ ಎಂಬುದಷ್ಟೇ. ಕೆನಡಾದ ಗಾರ್ಡನ್ ಗಯಾಟ್ ಮತ್ತು ಸಂಗಡಿಗರು 1984ರಲ್ಲಿ ಕೆಲವು ರೋಗಿಗಳಿಗೆ ಹುರಿದುಂಬಿಸುವ ಮಾತು ಹೇಳಿ, ಕೆಲವರಿಗೆ ಏನೂ ಹೇಳದೆ ನಡೆಸಿದರು. ಮಾತು ಕೇಳಿದವರು 30.5 ಮೀಟರ್ ಹೆಚ್ಚು ನಡೆದರು. ಹೊಸ ಔಷಧ ಕೆಲಸ ಮಾಡಿತು ಎಂದು ಆ ಕಾಲದ ಅಧ್ಯಯನಗಳು ಸಂಭ್ರಮಿಸುತ್ತಿದ್ದ ಹೆಚ್ಚಳವೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಮದ್ದಿನ ಗುಣ ಯಾವುದು, ನರ್ಸಮ್ಮನ ಬಾಯಿಮಾತಿನ ಗುಣ ಯಾವುದು ಎಂದು ಬೇರ್ಪಡಿಸಲಾಗದ ಸ್ಥಿತಿ.

ವೈದ್ಯಲೋಕ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. 2002ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಪಡಸಾಲೆ 30 ಮೀಟರ್ ಇರಬೇಕು ಎಂಬುದರ ಜೊತೆಗೆ ಪರೀಕ್ಷಕ ಏನು ಮಾತಾಡಬೇಕು ಎಂಬುದನ್ನೂ ಬರೆದಿಟ್ಟರು. ನಿಮಿಷಕ್ಕೊಮ್ಮೆ, ಒಂದೇ ಧ್ವನಿಯಲ್ಲಿ, ಚೆನ್ನಾಗಿ ನಡೆಯುತ್ತಿದ್ದೀರಿ, ಇನ್ನಿಷ್ಟು ನಿಮಿಷ ಉಳಿದಿದೆ ಎಂಬ ಗೊತ್ತುಮಾಡಿದ ಮಾತು. ಬೇರೆ ಮಾತಿಲ್ಲ. ಕೈಸನ್ನೆ ಮಾಡಿ ಬೇಗ ನಡೆಸುವಂತಿಲ್ಲ. ರೋಗಿಯ ಪಕ್ಕದಲ್ಲಿ ಹೆಜ್ಜೆ ಹಾಕುವಂತಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಇತಿಹಾಸದ ತಿರುವು ಇದು. ಅಲ್ಲಿಯವರೆಗೆ ನಿಯಮಗಳಿದ್ದದ್ದು ಪರೀಕ್ಷೆಗೆ ಒಳಗಾಗುವವನಿಗೆ. ಈಗ ಪರೀಕ್ಷಕನಿಗೂ ಬಂತು.

ಅದೇ ವರ್ಷ ಆಂಡ್ರಿಯಾಚಿ ಮತ್ತು ಸಂಗಡಿಗರು ಟ್ರೆಡ್‌ಮಿಲ್ ಮೇಲೆ ಸುಸ್ತಾಗಿ ನಿಲ್ಲುವವರೆಗೆ ಓಡುವ ಪರೀಕ್ಷೆಯಲ್ಲಿ ಹುರಿದುಂಬಿಸುವ ಅಂತರವನ್ನೇ ಬದಲಿಸಿ ನೋಡಿದರು. 20 ಸೆಕೆಂಡಿಗೊಮ್ಮೆ, 60 ಸೆಕೆಂಡಿಗೊಮ್ಮೆ ಕೂಗಿದಾಗ ಸಾಧನೆ ಏರಿತು. ಮೂರು ನಿಮಿಷಕ್ಕೊಮ್ಮೆ ಕೂಗಿದರೆ ಕೂಗದಿದ್ದಂತೆಯೇ. 2019ರ ಇನ್ನೊಂದು ಅಧ್ಯಯನ ಜಿಮ್ಮಿಗೆ ಹೋಗುವವರಿಗೆ ಇಷ್ಟವಾಗಬಹುದು. ಬೆಂಚ್ ಪ್ರೆಸ್ ಮಾಡುವಾಗ ಭಾರ ಕೈಮೀರಿದರೆ ಹಿಡಿಯಲೆಂದು ಪಕ್ಕದಲ್ಲಿ ನಿಲ್ಲುವವರು ಕಣ್ಣಿಗೆ ಕಂಡಾಗ, ಮರೆಯಲ್ಲಿದ್ದಾಗಿಗಿಂತ ಒಟ್ಟು ಸುಮಾರು ಶೇ. 11ರಷ್ಟು ಹೆಚ್ಚು ಭಾರ ಎತ್ತಿದರು. ಇದು ನೋಟದ ಗುಣವೋ, ಹಿಡಿಯುವವರಿದ್ದಾರೆ ಎಂಬ ಧೈರ್ಯವೋ ಹೇಳುವುದು ಕಷ್ಟ.

ಈಗ ಆ ಚಿಕ್ಕ ಶೇಕಡಾವಾರಿನ ವಿಷಯ. ಸೇನಾ ಭರ್ತಿ ರ್‍ಯಾಲಿಗಳಲ್ಲಿ 1.6 ಕಿಲೋಮೀಟರ್ ಓಟಕ್ಕೆ ವರ್ಷಗಟ್ಟಲೆ ನಡೆದುಬಂದ ಲೆಕ್ಕ ಹೀಗಿತ್ತು: 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 5.31ರಿಂದ 5.45ರೊಳಗೆ ಬಂದರೆ 48 ಅಂಕ. ಒಂದು ಸೆಕೆಂಡಿಗೆ 12 ಅಂಕ ಹೋಗುತ್ತದೆ. 330 ಸೆಕೆಂಡಿನ ಓಟದಲ್ಲಿ ನೂರಕ್ಕೆ ಒಂದರಷ್ಟು ಏರುಪೇರಾದರೂ ಮೂರು ಸೆಕೆಂಡಿಗೂ ಹೆಚ್ಚು. ಪುಲ್-ಅಪ್ 10 ಹೊಡೆದರೆ 40 ಅಂಕ, ಎಣಿಸುವವರು ಎದುರಿಗೇ ನಿಂತಿರುತ್ತಾರೆ. ನಮ್ಮ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳಿಗೆ 1600 ಮೀಟರಿಗೆ ಆರೂವರೆ ನಿಮಿಷ. ಗೆರೆಯ ಈಚೆಗೆ ನೌಕರಿ, ಆಚೆಗೆ ಇನ್ನೊಂದು ವರ್ಷದ ಕಾಯುವಿಕೆ. ವಯಸ್ಸಿನ ಮಿತಿ ಹತ್ತಿರವಿದ್ದವನಿಗೆ ಆ ಇನ್ನೊಂದು ವರ್ಷವೂ ಇಲ್ಲ.

ಇಂಥ ಮೈದಾನದಲ್ಲಿ ಟ್ರ್ಯಾಕಿನ ಉದ್ದ ಅಳೆದಿರುತ್ತಾರೆ, ಅಭ್ಯರ್ಥಿಯ ಎತ್ತರ, ಎದೆ ಸುತ್ತಳತೆ ಅಳೆದಿರುತ್ತಾರೆ. ಬೆಳಗಿನ ಗುಂಪು ಓಡುವಾಗ ಬೇಲಿಯಾಚೆ ಊರಿನವರು ಹೆಸರು ಹಿಡಿದು ಕೂಗುತ್ತಿದ್ದರು, ಮಧ್ಯಾಹ್ನದ ಗುಂಪಿಗೆ ಯಾರೂ ಇರಲಿಲ್ಲ ಎಂಬುದು ಯಾವ ಹಾಳೆಯಲ್ಲೂ ಬರುವುದಿಲ್ಲ. ಕೊನೆಯ ಸುತ್ತಿನಲ್ಲಿ ಒಬ್ಬ ಸಿಬ್ಬಂದಿ 'ಇನ್ನು ಹತ್ತೇ ಸೆಕೆಂಡ್, ಬಾ ಬಾ' ಎನ್ನುವವರಿರಬಹುದು, ಇನ್ನೊಬ್ಬರು ಸೀಟಿ ಕಚ್ಚಿಕೊಂಡು ಸುಮ್ಮನೆ ನಿಲ್ಲುವವರಿರಬಹುದು. ಯಾರಿಗೂ ಕೆಟ್ಟ ಉದ್ದೇಶವಿರಬೇಕಿಲ್ಲ. ಆಸ್ಪತ್ರೆಯ ಪಡಸಾಲೆಗೆ ಬಂದ ನಿಯಮ ಮೈದಾನಕ್ಕೂ ಬರಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ಖರ್ಚಿಲ್ಲದ ಕೆಲಸ: ಎಲ್ಲ ಗುಂಪಿಗೂ ಒಂದೇ ಮಾತು, ಒಂದೇ ದೂರದಲ್ಲಿ ಜನ, ಉಳಿದ ಸಮಯ ಕೂಗುವುದಾದರೆ ಎಲ್ಲರಿಗೂ ಕೂಗುವುದು.

ತಾಲೂಕು ಮೈದಾನದಲ್ಲಿ ಹುಡುಗರನ್ನು ತಯಾರು ಮಾಡುವ ಪಿಟಿ ಮೇಷ್ಟ್ರುಗಳಿಗೂ ಇದರಲ್ಲಿ ಕೆಲಸವಿದೆ. ನಸುಕಿನಲ್ಲಿ ಖಾಲಿ ರಸ್ತೆಯಲ್ಲಿ ಓಡಿ ಓಡಿ ರೂಢಿಯಾದ ಕಾಲು, ಸಾವಿರ ಜನರ ನಡುವೆ ಎದೆಯ ಮೇಲೆ ನಂಬರ್ ಹಚ್ಚಿಕೊಂಡಾಗ ಗಲಿಬಿಲಿಗೊಳ್ಳುತ್ತದೆ. ಝಾಯನ್ಸ್ ಸೂತ್ರ ಸರಿಯಾದರೆ ಜನರೆದುರು ಓಡುವುದನ್ನೂ ಅಭ್ಯಾಸ ಮಾಡಿಸಬೇಕು. ಸಂತೆಯ ದಿನ ಶಾಲೆ ಮೈದಾನದಲ್ಲಿ ಓಡಿಸಿ, ಅಪರಿಚಿತರ ಕೈಗೆ ಸ್ಟಾಪ್‌ವಾಚ್ ಕೊಟ್ಟು ಓಡಿಸಿ.

ನಮ್ಮ ಬಳಗದಲ್ಲಿ ಮುಂದಿನ ರ್‍ಯಾಲಿಯ ವರದಿಗೆ ಯಾರು ಹೋಗುತ್ತೀರೋ, ಎಷ್ಟು ಜನ ಪಾಸಾದರು ಎಂಬ ಸಂಖ್ಯೆಯ ಜೊತೆಗೆ ಬೇಲಿ ಟ್ರ್ಯಾಕಿನಿಂದ ಎಷ್ಟು ದೂರವಿತ್ತು, ಯಾವ ಗುಂಪಿಗೆ ಯಾರು ಕೂಗಿದರು, ಸಿಬ್ಬಂದಿ ಏನು ಹೇಳುತ್ತಿದ್ದರು ಎಂಬುದನ್ನೂ ಬರೆದುಕೊಂಡು ಬನ್ನಿ. ಓಟ ಮುಗಿಯುವವರೆಗೆ ಕ್ಯಾಮೆರಾವನ್ನು ಗೆರೆಯ ಹತ್ತಿರ ಒಯ್ಯಬೇಡಿ.